ಎತ್ತರದ ಹೊಸ ಸವಾರನ ರೋಡ್ ಬೈಕ್: ದೋಷ ಸೀಟಿನದೋ ಫ್ರೇಮಿನದೋ ಎಂದು ಪತ್ತೆ ಹಚ್ಚುವ ಬಗೆ

ಆರಡಿ ಮೀರಿದ ಎತ್ತರದವರು ಮೊದಲ ಸಲ ರೋಡ್ ಬೈಕ್ ಸೈಕಲ್ ಕೊಂಡು, ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟದ ಕಡೆಗೆ ನಾಲ್ಕಾರು ಬಾರಿ ಹೋಗಿಬಂದ ಮೇಲೆ ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿರುತ್ತವೆ: ಅಂಗೈ ಜೋಮು ಹಿಡಿಯುತ್ತದೆ, ಕತ್ತು ಸೆಟೆದುಕೊಳ್ಳುತ್ತದೆ, ಮಂಡಿ ನೋಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಇವುಗಳಲ್ಲಿ ಕೆಲವು ಸೀಟನ್ನು ಒಂದೆರಡು ಸೆಂಟಿಮೀಟರ್ ಏರಿಸಿದರೆ ಹೋಗುವಂಥವು. ಇನ್ನು ಕೆಲವು ಏನು ಮಾಡಿದರೂ ಹೋಗುವುದಿಲ್ಲ, ಏಕೆಂದರೆ ಸವಾರನಿಗೆ ಫ್ರೇಮೇ ಚಿಕ್ಕದಾಗಿರುತ್ತದೆ. ಈ ಎರಡನ್ನು ಬೇರ್ಪಡಿಸದೆ ಹೊಸ ಸೀಟು, ಜೆಲ್ ಗ್ಲೌಸು, ಹ್ಯಾಂಡಲ್ಲಿಗೆ ಸುತ್ತುವ ದಪ್ಪ ಟೇಪು ಎಂದು ಒಂದೊಂದನ್ನೇ ಕೊಳ್ಳುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆಯೇ ಹೊರತು ನೋವು ಉಳಿದೇ ಉಳಿಯುತ್ತದೆ.

ಪತ್ತೆ ಹಚ್ಚುವುದಕ್ಕೆ ಒಂದು ಕ್ರಮವಿದೆ, ಅದನ್ನು ತಲೆಕೆಳಗು ಮಾಡಬಾರದು. ಸೀಟಿನ ಎತ್ತರವನ್ನು ನಿರ್ಧರಿಸುವುದು ಸವಾರನ ಕಾಲು. ಫ್ರೇಮ್ ಯಾವ ಸೈಜಿನದಾದರೂ ಆ ಎತ್ತರ ಬದಲಾಗುವುದಿಲ್ಲ. ಆದ್ದರಿಂದ ಮೊದಲು ಸೀಟನ್ನು ಕಾಲಿಗೆ ಸರಿಹೊಂದಿಸಬೇಕು, ಆನಂತರ ಹ್ಯಾಂಡಲ್ ಎಲ್ಲಿ ಬಂದು ನಿಂತಿದೆ ಎಂದು ನೋಡಬೇಕು. ಸೀಟು ಸರಿಯಾದ ಸ್ಥಾನದಲ್ಲಿದ್ದು ಹ್ಯಾಂಡಲ್ ಮಾತ್ರ ಕೈಗೆಟುಕದಷ್ಟು ಕೆಳಗೆ ಅಥವಾ ದೂರಕ್ಕೆ ಉಳಿದರೆ ಮಾತ್ರ ಫ್ರೇಮನ್ನು ಅನುಮಾನಿಸಬೇಕು.

ಕಾಲಿನ ಅಳತೆ, ಸೀಟಿನ ಎತ್ತರ

ಬೇಕಾದ ಸಾಮಾನುಗಳು ಮನೆಯಲ್ಲಿಯೋ ಪಕ್ಕದ ಗಾರೆ ಕೆಲಸದವರ ಬಳಿಯೋ ಸಿಗುತ್ತವೆ: ಒಂದು ಅಳತೆ ಟೇಪು, ಒಂದು ರಸಮಟ್ಟ, ಒಂದು ತೂಗುಗುಂಡು, ಅಲೆನ್ ಕೀಗಳು ಮತ್ತು ರಟ್ಟಿನ ಹೊದಿಕೆಯ ಒಂದು ದಪ್ಪ ಪುಸ್ತಕ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಸುಮಾರು 15 ಸೆಂ.ಮೀ. ಅಂತರವಿಟ್ಟು ನಿಲ್ಲಬೇಕು. ಪುಸ್ತಕದ ಬೆನ್ನು ಮೇಲೆ ಬರುವಂತೆ ಅದನ್ನು ತೊಡೆಗಳ ಸಂದಿಯಲ್ಲಿ ಇಟ್ಟು, ಸೀಟಿನ ಮೇಲೆ ಕುಳಿತಾಗ ಮೂಳೆಗೆ ತಗಲುವಷ್ಟು ಬಿಗಿಯಾಗಿ ಮೇಲಕ್ಕೆ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಬೇಕು. ದರ್ಜಿಯ ಬಳಿ ಪ್ಯಾಂಟಿಗೆ ಕೊಟ್ಟ ಒಳಗಾಲಿನ ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಹೊಲಿಗೆಯಿಂದ ಪ್ಯಾಂಟಿನ ಅಂಚಿನವರೆಗಿನ ಅಳತೆಯಾದ್ದರಿಂದ ನಿಜವಾದ ಕಾಲಿನ ಉದ್ದಕ್ಕಿಂತ ಹಲವು ಸೆಂಟಿಮೀಟರ್ ಕಡಿಮೆ ಬರುತ್ತದೆ.

ಈ ಅಳತೆಯನ್ನು 0.883 ರಿಂದ ಗುಣಿಸಿದರೆ ಕ್ರ್ಯಾಂಕುಗಳ (ಪೆಡಲುಗಳನ್ನು ಹಿಡಿದಿರುವ ತೋಳುಗಳ) ಅಚ್ಚು ತಿರುಗುವ ಜಾಗದ, ಅಂದರೆ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಉದ್ದ ಸಿಗುತ್ತದೆ. ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಮತ್ತು ಅಮೆರಿಕದ ಸವಾರ ಗ್ರೆಗ್ ಲೆಮಾಂಡ್ ಅವರ ಹೆಸರಿನೊಂದಿಗೆ ಬಳಕೆಗೆ ಬಂದ ಲೆಕ್ಕ ಇದು. ಕಾಲಿನ ಅಳತೆ 90 ಸೆಂ.ಮೀ. ಇದ್ದವರಿಗೆ ಸೀಟಿನ ಎತ್ತರ ಸುಮಾರು 79.5 ಸೆಂ.ಮೀ. ಬರುತ್ತದೆ. ಇದನ್ನು ಶುರು ಮಾಡುವ ಸ್ಥಾನವೆಂದು ತಿಳಿಯಬೇಕೇ ಹೊರತು ಅಂತಿಮ ತೀರ್ಪೆಂದು ಅಲ್ಲ. ಶೂಗಳ ದಪ್ಪ, ಕ್ರ್ಯಾಂಕಿನ ಉದ್ದ, ತೊಡೆಯ ಹಿಂಭಾಗದ ಸ್ನಾಯುಗಳ ಬಿಗಿ ಇವುಗಳಿಂದ ಒಂದು ಸೆಂಟಿಮೀಟರಿನಷ್ಟು ಆಚೀಚೆ ಆಗುವುದು ಸಹಜ. ದೊಡ್ಡ ಫ್ರೇಮುಗಳಿಗೆ 175 ಮಿ.ಮೀ. ಕ್ರ್ಯಾಂಕ್ ಹಾಕಿರುವುದು ಸಾಮಾನ್ಯ. 170 ಮಿ.ಮೀ.ಯಿಂದ ಅದಕ್ಕೆ ಬದಲಾದವರು ಸೀಟನ್ನು 5 ಮಿ.ಮೀ. ಇಳಿಸಬೇಕಾಗುತ್ತದೆ.

ಲೆಕ್ಕವನ್ನು ದೇಹದಿಂದಲೇ ತಾಳೆ ನೋಡಬಹುದು. ಸೈಕಲನ್ನು ಗೋಡೆಗೆ ಒರಗಿಸಿ ಕುಳಿತು, ಪೆಡಲನ್ನು ತೀರಾ ಕೆಳಕ್ಕೆ ತಂದು, ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ಸರಿಯಾಗಿ ನೆಟ್ಟಗಾಗಬೇಕು. ಆಗ ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟು ತುಳಿಯುವಾಗ ಮಂಡಿ ಅಗತ್ಯವಿದ್ದಷ್ಟೇ ಬಾಗುತ್ತದೆ. ಆ ಬಾಗು 25 ರಿಂದ 35 ಡಿಗ್ರಿಯೊಳಗೆ ಇರಬೇಕೆಂಬುದು ವ್ಯಾಪಕವಾಗಿ ಒಪ್ಪಿರುವ ಅಳತೆ. ಆಮೇಲೆ ಮುದ್ದೇನಹಳ್ಳಿ ಕಡೆಯ ಯಾವುದಾದರೂ ಸಮತಟ್ಟು ರಸ್ತೆಯಲ್ಲಿ ಬೆಳಗಿನ ಹೊತ್ತು ಸ್ನೇಹಿತರೊಬ್ಬರನ್ನು ಹಿಂದೆ ಬರಹೇಳಿ, ನಿಮ್ಮ ಸೊಂಟದ ಪಟ್ಟಿಯನ್ನೇ ಗಮನಿಸಲು ಹೇಳಿ. ಪಟ್ಟಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದರೆ ಸೀಟು ಎತ್ತರವಾಗಿದೆ ಎಂದೇ ಅರ್ಥ. ಪೆಡಲ್ ಕೆಳಗಿಳಿದಾಗಲೆಲ್ಲ ಕಾಲು ಎಟುಕದೆ ಸೊಂಟವೇ ಇಳಿದುಬರುತ್ತಿರುತ್ತದೆ. ಇದು ಸವಾರನ ಅರಿವಿಗೆ ಬರುವುದಿಲ್ಲ, ಹಿಂದಿನಿಂದ ನೋಡುವವರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಮಂಡಿಯ ನೋವು ಎಲ್ಲಿದೆ ಎಂಬುದೂ ಒಳ್ಳೆಯ ಸುಳಿವು. ಮಂಡಿಚಿಪ್ಪಿನ ಸುತ್ತ, ಮುಂಭಾಗದಲ್ಲಿ ನೋವಿದ್ದರೆ ಸೀಟು ತಗ್ಗಿನಲ್ಲಿದೆ ಅಥವಾ ತೀರಾ ಮುಂದಕ್ಕಿದೆ. ಮಂಡಿಯ ಹಿಂದಿನ ಸಂದಿಯಲ್ಲಿ ನೋವಿದ್ದರೆ ಸೀಟು ಎತ್ತರವಾಗಿದೆ ಅಥವಾ ತೀರಾ ಹಿಂದಕ್ಕಿದೆ. ಎತ್ತರದ ಹೊಸಬರಲ್ಲಿ ಮೊದಲನೆಯದೇ ಹೆಚ್ಚು. ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ಊರಬೇಕೆಂಬ ಭಯದಿಂದ ಸೀಟನ್ನು ಇಳಿಸಿಕೊಂಡಿರುತ್ತಾರೆ. ಊರಿನೊಳಗೆ ಅದು ತೊಂದರೆ ಕೊಡುವುದಿಲ್ಲ, ಆದರೆ ನಂದಿ ಬೆಟ್ಟದ ಏಳೆಂಟು ಕಿಲೋಮೀಟರ್ ಏರಿನಲ್ಲಿ ಅರ್ಧ ದಾರಿಗೇ ಮಂಡಿಚಿಪ್ಪು ಉರಿಯತೊಡಗುತ್ತದೆ. ಸೀಟಿನಿಂದ ಮುಂದಕ್ಕಿಳಿದು ನಿಂತು ಕಾಲೂರುವುದನ್ನು ರೂಢಿಸಿಕೊಂಡರೆ ಈ ಭಯ ಒಂದೆರಡು ವಾರಗಳಲ್ಲಿ ಹೋಗುತ್ತದೆ. ಭಾರವಾದ ಗೇರಿನಲ್ಲಿ ನಿಧಾನವಾಗಿ ತುಳಿಯುವುದರಿಂದಲೂ ಇದೇ ಜಾಗ ನೋಯುತ್ತದೆಯಾದ್ದರಿಂದ, ಅಳತೆಯನ್ನು ದೂರುವ ಮುನ್ನ ಹಗುರ ಗೇರಿನಲ್ಲಿ ಒಮ್ಮೆ ಏರಿ ನೋಡುವುದು ಒಳ್ಳೆಯದು.

ಸೀಟ್ ಪೋಸ್ಟಿನ ಗೆರೆ

ಸೀಟನ್ನು ಬೇಕಾದ ಎತ್ತರಕ್ಕೆ ಏರಿಸುವಾಗ ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆಯ, ಅಂದರೆ ಸೀಟ್ ಪೋಸ್ಟಿನ ಮೇಲೆ ಕೆತ್ತಿರುವ ಗೆರೆಯನ್ನು ಕಡ್ಡಾಯವಾಗಿ ನೋಡಬೇಕು. ಪೋಸ್ಟಿನ ಕೆಳಭಾಗದಲ್ಲಿ ಸಾಲಾಗಿ ಸಣ್ಣ ಅಡ್ಡಗೆರೆಗಳಿದ್ದು, ಅವುಗಳ ಪಕ್ಕದಲ್ಲಿ ಕನಿಷ್ಠ ಇಷ್ಟು ಒಳಗಿರಬೇಕು ಎಂಬ ಸೂಚನೆ ಇರುತ್ತದೆ; ಆ ಗೆರೆ ಕ್ಲ್ಯಾಂಪಿನ ಮೇಲೆ ಕಾಣಿಸಿತೆಂದರೆ ಸವಾರಿ ಮಾಡಕೂಡದು. ಪೋಸ್ಟ್ ಸಾಕಷ್ಟು ಒಳಗಿಲ್ಲದಿದ್ದಾಗ ಉದ್ದ ಕಾಲಿನ, ಭಾರದ ಸವಾರನ ತೂಕವೆಲ್ಲ ಸನ್ನೆಗೋಲಿನಂತೆ ಪೋಸ್ಟ್ ಇಳಿಯುವ ಫ್ರೇಮಿನ ಪೈಪಿನ, ಅಂದರೆ ಸೀಟ್ ಟ್ಯೂಬಿನ ಬಾಯಿಯ ಮೇಲೆ ಬಿದ್ದು, ಅಲ್ಲಿಂದ ಪೈಪು ಸೀಳಬಹುದು ಅಥವಾ ಪೋಸ್ಟೇ ಮುರಿಯಬಹುದು. ಗೆರೆಯೊಂದೇ ಸಾಲದು, ಪೋಸ್ಟಿನ ತುದಿ ಮೇಲಿನ ಅಡ್ಡಪೈಪಿನ ಬೆಸುಗೆಗಿಂತ ಕೆಳಕ್ಕೂ ಇಳಿದಿರಬೇಕು.

ಎತ್ತರದವರಿಗೆ ಚಿಕ್ಕ ಫ್ರೇಮನ್ನು ದಾಟಿಸಿರುವುದು ಮೊದಲು ಬಯಲಾಗುವುದು ಈ ಗೆರೆಯಲ್ಲೇ. ಸೈಜು 54 ಎಂದು ಲೇಬಲ್ ಇರುವ, ಮೇಲಿನ ಪೈಪು ಸೀಟಿನ ಕಡೆಗೆ ಇಳಿಜಾರಾಗಿರುವ ಫ್ರೇಮೊಂದರ ಸೀಟ್ ಟ್ಯೂಬ್ ಅಳೆದರೆ 50 ಸೆಂ.ಮೀ. ಇದೆ ಎಂದುಕೊಳ್ಳಿ. ಸೀಟಿನ ಎತ್ತರ 79.5 ಬೇಕಿದ್ದರೆ 29.5 ಸೆಂ.ಮೀ. ಉಳಿಯಿತು, ಅದರಲ್ಲಿ ಸೀಟಿನ ದಪ್ಪ ಮತ್ತು ಕಂಬಿಗಳಿಗೆ ಸುಮಾರು 5 ಸೆಂ.ಮೀ. ಕಳೆದರೆ ಪೋಸ್ಟ್ 24.5 ಸೆಂ.ಮೀ. ಹೊರಗಿರಬೇಕಾಗುತ್ತದೆ. 35 ಸೆಂ.ಮೀ. ಉದ್ದದ ಪೋಸ್ಟಿನಲ್ಲಿ 10 ಸೆಂ.ಮೀ. ಒಳಗಿರಬೇಕೆಂದು ಗೆರೆ ಹೇಳುತ್ತಿದ್ದರೆ ನಾವು ಈಗಾಗಲೇ ಅಂಚಿನಲ್ಲಿದ್ದೇವೆ. ಆಗ ಸಾಮಾನ್ಯವಾಗಿ ಕೇಳಿಬರುವ ಸಲಹೆ 40 ಸೆಂ.ಮೀ. ಪೋಸ್ಟ್ ಹಾಕಿಸಿಕೊಳ್ಳಿ ಎಂಬುದು. 27.2, 30.9, 31.6 ಮಿ.ಮೀ. ಎಂಬ ದಪ್ಪಗಳಲ್ಲಿ ನಿಮ್ಮದು ಯಾವುದೆಂದು ನೋಡಿ ತಂದರೆ ಪೋಸ್ಟ್ ಕೂರುತ್ತದೆ, ಸೀಟೂ ಏರುತ್ತದೆ. ಆದರೆ ಹ್ಯಾಂಡಲ್ ಇದ್ದಲ್ಲೇ ಇರುತ್ತದೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ದೋಷವನ್ನು ಕಾಲಿನಿಂದ ತೆಗೆದು ಕೈ ಮತ್ತು ಕತ್ತಿಗೆ ವರ್ಗಾಯಿಸುತ್ತದೆ, ಅಷ್ಟೆ.

ಸೀಟಿನ ಮಟ್ಟ ಮತ್ತು ಹಿಂದುಮುಂದು

ರಸಮಟ್ಟವನ್ನು ಸೀಟಿನ ಉದ್ದಕ್ಕೆ ಇಟ್ಟು ನೋಡಿದರೆ ಗುಳ್ಳೆ ನಡುವೆ ನಿಲ್ಲಬೇಕು. ಮೂತಿ ಕೆಳಗೆ ವಾಲಿದ್ದರೆ ದೇಹ ಮುಂದಕ್ಕೆ ಜಾರುತ್ತಾ, ಅದನ್ನು ತಡೆಯಲು ಕೈಗಳು ಸದಾ ಒತ್ತುತ್ತಿರಬೇಕಾಗುತ್ತದೆ. ಅಂಗೈ ಜೋಮಿನ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ. ನಂತರ ಪೆಡಲುಗಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಮುಂದಿನ ಮಂಡಿಯ ಮುಂಭಾಗದಿಂದ ತೂಗುಗುಂಡನ್ನು ಇಳಿಬಿಟ್ಟರೆ ದಾರ ಪೆಡಲಿನ ಅಚ್ಚಿನ ಆಸುಪಾಸಿನಲ್ಲಿ ಹಾಯಬೇಕು. ಇದು ಬಹಳ ಹಳೆಯ ರೂಢಿ, ಅದಕ್ಕೆ ದೇಹಶಾಸ್ತ್ರದ ಗಟ್ಟಿ ಆಧಾರವಿಲ್ಲ. ಆದರೂ ಸೀಟು ವಿಪರೀತ ಮುಂದೆ ಅಥವಾ ಹಿಂದೆ ಇದ್ದರೆ ಕಂಡುಹಿಡಿಯಲು ಸಾಕು. ತೊಡೆಯ ಮೂಳೆ ಉದ್ದವಿರುವ ಎತ್ತರದವರಿಗೆ ಸೀಟು ತುಸು ಹಿಂದಕ್ಕೇ ಬೇಕಾಗುತ್ತದೆ. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆ ತಳ್ಳುವುದು ಮಾತ್ರ ಸಲ್ಲದು. ಸೀಟು ಇರುವುದು ಕಾಲಿನ ಲೆಕ್ಕಕ್ಕೆ, ಕೈಯ ದೂರವನ್ನು ಸ್ಟೆಮ್ಮಿನಲ್ಲಿ (ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಸರಿಪಡಿಸಿಕೊಳ್ಳಬೇಕು.

ಸೀಟು ಸರಿಯಾದ ಮೇಲೂ ನೋವು ಉಳಿದರೆ

ಇಲ್ಲಿಂದ ಮುಂದಿನದು ಫ್ರೇಮಿನ ವಿಚಾರಣೆ. ಗೌರಿಬಿದನೂರಿನ ಒಬ್ಬ ಯುವಕನ ಸೈಕಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ವಾಲಿಬಾಲ್ ಆಡುವ ಹುಡುಗ, ಎತ್ತರ 187 ಸೆಂ.ಮೀ., ಕಾಲಿನ ಅಳತೆ 90. ಪಕ್ಕದಿಂದ ನೋಡಿದರೆ ಅವನ ಸೈಕಲ್ಲಿನ ಸೀಟು ಆಕಾಶದಲ್ಲೂ ಹ್ಯಾಂಡಲ್ ಪಾತಾಳದಲ್ಲೂ ಇದ್ದಂತೆ ಕಾಣುತ್ತಿತ್ತು. ಬ್ರೇಕ್ ಹುಡ್‌ಗಳ (ಬ್ರೇಕ್ ಲಿವರಿನ ರಬ್ಬರ್ ಹೊದಿಕೆಯ ಹಿಡಿ) ಮೇಲೆ ಕೈಯಿಟ್ಟಾಗ ಮೊಣಕೈ ಬಿರುಸಾಗಿ ನೆಟ್ಟಗಾಗಿ, ಭುಜಗಳು ಕಿವಿಯ ಹತ್ತಿರಕ್ಕೆ ಏರಿ, ರಸ್ತೆ ನೋಡಲು ಕತ್ತನ್ನು ಪೂರ್ತಿ ಹಿಂದಕ್ಕೆ ಮುರಿಯಬೇಕಾಗಿತ್ತು. ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ತೂಕವೆಲ್ಲ ಅಂಗೈಗೆ ಬಂದು, ಕೆಳಗೆ ನಂದಿ ಗ್ರಾಮಕ್ಕೆ ಬರುವ ಹೊತ್ತಿಗೆ ಕಿರುಬೆರಳು ಮತ್ತು ಉಂಗುರಬೆರಳುಗಳಲ್ಲಿ ಸ್ಪರ್ಶವೇ ಇರುತ್ತಿರಲಿಲ್ಲ. ಆ ಎರಡು ಬೆರಳುಗಳೇ ಜೋಮು ಹಿಡಿಯುವುದಕ್ಕೆ ಕಾರಣವಿದೆ: ಅವುಗಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಹೊರ ಅಂಚಿನಲ್ಲೇ ಹಾಯ್ದು, ಹ್ಯಾಂಡಲ್ಲಿನ ಒತ್ತಡಕ್ಕೆ ಮೊದಲು ಸಿಕ್ಕುತ್ತದೆ.

ಇದು ಫ್ರೇಮಿನ ದೋಷ ಎಂದು ಹೇಳಲು ಎರಡು ಅಳತೆಗಳು ಬೇಕು. ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಫ್ರೇಮಿನ ಮುಂದಿನ ಗಿಡ್ಡ ಪೈಪಾದ ಹೆಡ್ ಟ್ಯೂಬಿನ ಮೇಲ್ತುದಿಯವರೆಗೆ ನೇರ ಲಂಬವಾಗಿ ಅಳೆದ ಎತ್ತರವೇ ಸ್ಟ್ಯಾಕ್. ಅದೇ ಎರಡು ಬಿಂದುಗಳ ನಡುವೆ ಅಡ್ಡಡ್ಡ ಅಳೆದ ದೂರವೇ ರೀಚ್. ತಯಾರಕರು ಕೊಡುವ ಜ್ಯಾಮಿತಿ ಪಟ್ಟಿಯಲ್ಲಿ ಎರಡೂ ಇರುತ್ತವೆ. ಎತ್ತರದ ಹೊಸಬರು ಮೊದಲು ನೋಡಬೇಕಾದ್ದು ಸ್ಟ್ಯಾಕನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ರೀಚ್ ಕಡಿಮೆ ಬಿದ್ದರೆ ಸ್ಟೆಮ್ಮನ್ನು 100 ರಿಂದ 120 ಮಿ.ಮೀ.ಗೆ ಬದಲಿಸಿ ಸರಿದೂಗಿಸಬಹುದು. ಸ್ಟ್ಯಾಕ್ ಕಡಿಮೆ ಬಿದ್ದರೆ ತುಂಬಿಕೊಳ್ಳಲು ಅಷ್ಟು ದಾರಿಗಳಿಲ್ಲ.

ಲೆಕ್ಕ ಹೀಗೆ. ಸೀಟ್ ಟ್ಯೂಬ್ ಸಾಮಾನ್ಯವಾಗಿ ನೆಲಕ್ಕೆ 73 ಡಿಗ್ರಿ ಕೋನದಲ್ಲಿ ಹಿಂದಕ್ಕೆ ವಾಲಿರುವುದರಿಂದ, ಪೈಪಿನ ಉದ್ದಕ್ಕೂ 79.5 ಸೆಂ.ಮೀ. ಇರುವ ಸೀಟು ಬಾಟಮ್ ಬ್ರಾಕೆಟ್ಟಿನಿಂದ ಲಂಬವಾಗಿ ಸುಮಾರು 76 ಸೆಂ.ಮೀ. ಮೇಲಿರುತ್ತದೆ. ಆ ಯುವಕನ ಫ್ರೇಮಿನ ಸ್ಟ್ಯಾಕ್ 54.5 ಸೆಂ.ಮೀ. ಅದರ ಮೇಲೆ ಹೆಡ್‌ಸೆಟ್ಟಿನ ಮುಚ್ಚಳ, 3 ಸೆಂ.ಮೀ. ಸ್ಪೇಸರುಗಳು (ಸ್ಟೆಮ್ಮನ್ನು ಎತ್ತರಿಸಲು ಹಾಕುವ ಬಳೆಗಳು), ಸ್ಟೆಮ್ಮಿನ ಅರ್ಧ ದಪ್ಪ ಮತ್ತು ಅದರ ಏರು ಎಲ್ಲ ಸೇರಿ ಸುಮಾರು 8.5 ಸೆಂ.ಮೀ. ಎಂದಿಟ್ಟುಕೊಂಡರೆ ಹ್ಯಾಂಡಲ್ ನಿಲ್ಲುವುದು 63 ಸೆಂ.ಮೀ.ಯಲ್ಲಿ. ಸೀಟಿಗೂ ಹ್ಯಾಂಡಲ್ಲಿಗೂ 13 ಸೆಂ.ಮೀ. ವ್ಯತ್ಯಾಸವಾಯಿತು. ವರ್ಷಗಟ್ಟಲೆ ಪಳಗಿದ ರೇಸ್ ಸವಾರರು ಇದನ್ನು ತಾಳಿಕೊಳ್ಳಬಹುದು. ಹೊಸಬನ ಬೆನ್ನಿಗೆ ಇದು ಹೊರೆ. ಎತ್ತರದವರ ಕೈಗಳೂ ಉದ್ದವಿರುವುದರಿಂದ ಸ್ವಲ್ಪ ತಗ್ಗು ಸಹಜವೇ, ಆದರೆ ಶುರುವಿನಲ್ಲಿ 5 ರಿಂದ 8 ಸೆಂ.ಮೀ.ಯೊಳಗೆ ಇದ್ದರೆ ನೆಮ್ಮದಿ. ಇದೇ ಸವಾರ ದೂರ ಪ್ರಯಾಣಕ್ಕೆಂದು ಮಾಡಿದ, ಮುಂಭಾಗ ಎತ್ತರವಿರುವ 58 ರ ಫ್ರೇಮಿನ ಮೇಲೆ ಕುಳಿತರೆ ಅದರ ಸ್ಟ್ಯಾಕ್ ಸುಮಾರು 61 ಸೆಂ.ಮೀ. ಇರುತ್ತದೆ, ಹ್ಯಾಂಡಲ್ 69.5 ಕ್ಕೆ ಬಂದು ವ್ಯತ್ಯಾಸ 6.5 ಕ್ಕೆ ಇಳಿಯುತ್ತದೆ. ಅದೇ ಸ್ಟೆಮ್, ಅದೇ ಸ್ಪೇಸರು. ಬದಲಾದದ್ದು ಫ್ರೇಮ್ ಒಂದೇ.

ಫ್ರೇಮ್ ಬದಲಿಸದೆ ಎಷ್ಟು ಗಿಟ್ಟಿಸಬಹುದು ಎಂಬುದನ್ನೂ ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಕೆಳಮುಖವಾಗಿ 6 ಡಿಗ್ರಿ ಇರುವ 100 ಮಿ.ಮೀ. ಸ್ಟೆಮ್ಮನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಹ್ಯಾಂಡಲ್ ಸುಮಾರು 2 ಸೆಂ.ಮೀ. ಏರುತ್ತದೆ, ಖರ್ಚಿಲ್ಲದ ಕೆಲಸವಾದ್ದರಿಂದ ಮೊದಲು ಇದನ್ನೇ ಮಾಡಿ ನೋಡಬೇಕು. ಸ್ಪೇಸರುಗಳನ್ನು ಸೇರಿಸಲು ಸ್ಟೆಮ್ ಕೂರುವ ಸ್ಟೀರರ್ ಪೈಪು ಉಳಿದಿರಬೇಕು, ಕಾರ್ಬನ್ ಸ್ಟೀರರ್ ಆದರೆ ತಯಾರಕರು ಹೇಳಿದ ಮಿತಿಯನ್ನು ಮೀರಬಾರದು. ಹೆಡ್ ಟ್ಯೂಬ್ ಹಿಂದಕ್ಕೆ ವಾಲಿರುವುದರಿಂದ ಪ್ರತಿ 10 ಮಿ.ಮೀ. ಸ್ಪೇಸರಿಗೆ ಹ್ಯಾಂಡಲ್ ಸುಮಾರು 3 ಮಿ.ಮೀ. ಹತ್ತಿರಕ್ಕೂ ಬರುತ್ತದೆ ಎಂಬುದು ನೆನಪಿರಲಿ. ಇಷ್ಟೆಲ್ಲ ಮಾಡಿದರೂ ಆ ಯುವಕನ 13 ಸೆಂ.ಮೀ. 11 ಕ್ಕೆ ಇಳಿಯಿತೇ ಹೊರತು 8 ಕ್ಕೆ ಬರಲಿಲ್ಲ. ಸುರಕ್ಷಿತ ಮಿತಿಯೊಳಗಿನ ಎಲ್ಲ ಹೊಂದಾಣಿಕೆಗಳು ಮುಗಿದ ಮೇಲೂ ಕೊರತೆ ಉಳಿದರೆ ಫ್ರೇಮ್ ಚಿಕ್ಕದು ಎಂದು ಅನುಮಾನವಿಲ್ಲದೆ ಹೇಳಬಹುದು.

ಇನ್ನೊಂದು ಪರೀಕ್ಷೆ ರೀಚಿನ ಬಗ್ಗೆ. ಎದ್ದು ನಿಂತು ತುಳಿಯುವಾಗ ಅಥವಾ ಬಿಗಿ ತಿರುವಿನಲ್ಲಿ ಮಂಡಿ ಹ್ಯಾಂಡಲ್ಲಿಗೋ ಮೊಣಕೈಗೋ ತಗಲುತ್ತಿದ್ದರೆ ಫ್ರೇಮಿನ ಉದ್ದ ಸಾಲದು. ತದ್ವಿರುದ್ಧವಾಗಿ, ನಿಂತಲ್ಲೇ ತುಳಿಯಲು ಬಳಸುವ ಟ್ರೇನರ್ ಮೇಲೆ ಸೈಕಲ್ ಕೂರಿಸಿ ತುಳಿಯುತ್ತಾ ಕೈಗಳ ಹಿಡಿತವನ್ನು ಮೆಲ್ಲಗೆ ಸಡಿಲಿಸಿದಾಗ ಎದೆ ಕೂಡಲೇ ಮುಂದಕ್ಕೆ ಕುಸಿದರೆ, ಒಂದೋ ಸೀಟು ತೀರಾ ಮುಂದಿದೆ, ಇಲ್ಲವೇ ಹ್ಯಾಂಡಲ್ ತೀರಾ ದೂರದಲ್ಲಿದೆ ಅಥವಾ ಕೆಳಗಿದೆ. ಇದನ್ನು ಓಡಾಟವಿರುವ ರಸ್ತೆಯಲ್ಲಿ, ಅದರಲ್ಲೂ ರಾಷ್ಟ್ರೀಯ ಹೆದ್ದಾರಿ 44 ರ ಸರ್ವಿಸ್ ರಸ್ತೆಯಲ್ಲಿ ಮಾಡಲು ಹೋಗಬಾರದು.

ಲೇಬಲ್ಲಿನ ಸಂಖ್ಯೆ ಮೋಸ ಮಾಡುವುದು ಹೇಗೆ

ಈ ದೋಷದ ಮೂಲ ಹೆಚ್ಚಾಗಿ ಅಂಗಡಿಯಲ್ಲೇ ಇರುತ್ತದೆ. ನಮ್ಮ ಕಡೆ ಹಾಲಿನ ಕ್ಯಾನು, ರೇಷ್ಮೆ ಗೂಡು ಹೊತ್ತು ಓಡಾಡಿದ ಕಪ್ಪು ಸೈಕಲ್ಲುಗಳು 22 ಇಂಚು, 24 ಇಂಚು ಎಂದು ಮಾರಾಟವಾಗುತ್ತಿದ್ದವು. ಆ ಇಂಚು ಫ್ರೇಮಿನದು. 22 ಇಂಚೆಂದರೆ ಸುಮಾರು 56 ಸೆಂ.ಮೀ., 24 ಇಂಚೆಂದರೆ 61 ಸೆಂ.ಮೀ.; ಎತ್ತರದವರು 24 ಕೇಳಿ ಪಡೆಯುತ್ತಿದ್ದರು. ಈಗ ಗೇರ್ ಸೈಕಲ್ಲಿನ ಮೇಲೆ 26, 27.5, 29 ಎಂದಿರುವುದು ಚಕ್ರದ ಅಳತೆ, ಫ್ರೇಮಿನದಲ್ಲ. ರೋಡ್ ಬೈಕಿನಲ್ಲಿ ಬಹುತೇಕ ಎಲ್ಲ ಸೈಜಿಗೂ ಚಕ್ರ 700ಸಿ ಒಂದೇ. ದೊಡ್ಡ ಚಕ್ರವಿದೆ ಎಂಬ ಕಾರಣಕ್ಕೆ ಎತ್ತರದವರಿಗೆ ಸರಿಹೋಗುತ್ತದೆ ಎಂದು ತಿಳಿದು ಕೊಂಡವರು ಹಲವರಿದ್ದಾರೆ.

ರೋಡ್ ಬೈಕಿನ 54, 56, 58, 61 ಎಂಬ ಸಂಖ್ಯೆಗಳು ಮೊದಲಿಗೆ ಸೀಟ್ ಟ್ಯೂಬಿನ ಉದ್ದವನ್ನೇ ಹೇಳುತ್ತಿದ್ದವು. ಮೇಲಿನ ಪೈಪು ನೆಲಕ್ಕೆ ಸಮಾನಾಂತರವಾಗಿದ್ದ ಕಾಲಕ್ಕೆ ಕಾಲಿನ ಅಳತೆಯನ್ನು 0.65 ರಿಂದ ಗುಣಿಸಿ ಫ್ರೇಮ್ ಆರಿಸುವ ಲೆಕ್ಕ ಸರಿಯಾಗಿತ್ತು, 90 ಸೆಂ.ಮೀ.ಗೆ 58.5 ಬರುತ್ತದೆ. 1990 ರ ದಶಕದ ಕೊನೆಯಿಂದ ಇಳಿಜಾರು ಪೈಪಿನ ಫ್ರೇಮುಗಳು ಹಬ್ಬಿದ ಮೇಲೆ ಸೀಟ್ ಟ್ಯೂಬ್ ಮೊಟಕಾಗಿ, ಲೇಬಲ್ಲಿನ ಸಂಖ್ಯೆ ಬರೀ ಹೆಸರಾಗಿ ಉಳಿದಿದೆ. ಒಂದು ಕಂಪನಿಯ 56 ಇನ್ನೊಂದರ 58 ಕ್ಕೆ ಸಮನಾಗಿರಬಹುದು. ಎಂ, ಎಲ್, ಎಕ್ಸ್‌ಎಲ್ ಎಂಬ ಗುರುತುಗಳಂತೂ ಇನ್ನೂ ಅಸ್ಪಷ್ಟ. ಮೇಲಿನ ಪೈಪಿನ ಎರಡೂ ಬದಿಗೆ ಕಾಲು ಚಾಚಿ ನಿಂತು, ತಗಲುವುದಿಲ್ಲವಾದರೆ ಸರಿಯಾದ ಸೈಜು ಎನ್ನುವ ಪರೀಕ್ಷೆಯೂ ಇಳಿಜಾರು ಫ್ರೇಮಿನಲ್ಲಿ ಏನನ್ನೂ ಹೇಳುವುದಿಲ್ಲ, ಏಕೆಂದರೆ ಎತ್ತರದವರಿಗೆ ಎಷ್ಟು ಚಿಕ್ಕ ಫ್ರೇಮಾದರೂ ಅದರಲ್ಲಿ ಪಾಸಾಗುತ್ತದೆ.

ಫ್ರೇಮ್ ದೊಡ್ಡದಾದರೆ

ಎತ್ತರವೊಂದನ್ನೇ ನೋಡಿ ಇರುವುದರಲ್ಲೇ ಅತಿ ದೊಡ್ಡದನ್ನು ತಂದವರಲ್ಲಿ ಲಕ್ಷಣ ಬೇರೆ. ಬ್ರೇಕ್ ಹುಡ್ ಹಿಡಿಯಲು ಸೀಟಿನ ಮೂತಿಗೆ ಜಾರಿ ಕೂರುತ್ತಾರೆ, ಹೆಚ್ಚು ಹೊತ್ತು ಹ್ಯಾಂಡಲ್ಲಿನ ನಡುಭಾಗವನ್ನೇ ಹಿಡಿದಿರುತ್ತಾರೆ, ಭುಜದ ಹಿಂಭಾಗ ನೋಯುತ್ತದೆ. ಕಾಲು ಉದ್ದ, ಮುಂಡ ಗಿಡ್ಡ ಇರುವವರಿಗೆ ಇದು ಆಗುತ್ತದೆ, 187 ಸೆಂ.ಮೀ. ಎತ್ತರದ ಇಬ್ಬರಲ್ಲಿ ಒಬ್ಬರ ಕಾಲಿನ ಅಳತೆ 90, ಇನ್ನೊಬ್ಬರದು 85 ಇದ್ದರೆ ಸೀಟಿನ ಎತ್ತರದಲ್ಲೇ 4 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ, ಒಂದೇ ಫ್ರೇಮ್ ಇಬ್ಬರಿಗೂ ಒಗ್ಗುವುದಿಲ್ಲ. ಮೊದಲನೆಯವರಿಗೆ ಸ್ಟ್ಯಾಕ್ ಹೆಚ್ಚು, ರೀಚ್ ಕಡಿಮೆ ಇರುವ ಫ್ರೇಮ್ ಬೇಕು. ಎರಡನೆಯವರು ರೇಸ್ ಫ್ರೇಮಿನಲ್ಲೇ ಉದ್ದ ಸ್ಟೆಮ್ ಹಾಕಿಸಿ ನೆಮ್ಮದಿಯಾಗಿರಬಲ್ಲರು. ಸ್ಟೆಮ್ಮನ್ನು 80 ಮಿ.ಮೀ.ಗಿಂತ ಗಿಡ್ಡ ಮಾಡಿದರೂ ಕೈ ಎಟುಕದಿದ್ದರೆ ಆ ಫ್ರೇಮ್ ದೊಡ್ಡದೇ ಸರಿ.

ಬದಲಿಸಲು ಹೊರಟಾಗ

ದೊಡ್ಡ ಸೈಜುಗಳನ್ನು ಅಂಗಡಿಗಳು ಕಡಿಮೆ ತರಿಸುತ್ತವೆ. ಬೆಂಗಳೂರಿನಲ್ಲೂ 58 ಮತ್ತು 61 ಕ್ಕೆ ಕಾಯಬೇಕಾಗಬಹುದು. ಇರುವ ಸ್ಟಾಕನ್ನೇ ಒಪ್ಪಿಸಲು ನೋಡಿದರೆ ಕಾಲಿನ ಅಳತೆ, ಸೀಟಿನ ಎತ್ತರ, ಬೇಕಾದ ಸ್ಟ್ಯಾಕ್ ಈ ಮೂರನ್ನು ಬರೆದ ಚೀಟಿಯನ್ನು ಮುಂದಿಟ್ಟು, ಆ ಮಾದರಿಯ ಜ್ಯಾಮಿತಿ ಪಟ್ಟಿ ತೋರಿಸಲು ಕೇಳಿ. ಕೂತು ನೋಡುವಾಗ ಸೀಟನ್ನು ನಿಮ್ಮ ಎತ್ತರಕ್ಕೆ ಏರಿಸಿಯೇ ನೋಡಬೇಕು. ತಗ್ಗಿನ ಸೀಟಿನ ಮೇಲೆ ಕುಳಿತರೆ ಚಿಕ್ಕ ಫ್ರೇಮೂ ಹಿತವಾಗಿಯೇ ಇರುತ್ತದೆ. ಹ್ಯಾಂಡಲ್ ಅಗಲವನ್ನು ಭುಜದ ಮೂಳೆಗಳ ಅಂತರಕ್ಕೆ ಹೋಲಿಸಿ ನೋಡಿ. ಎತ್ತರದವರಿಗೆ ಸಾಮಾನ್ಯವಾಗಿ 42 ಅಥವಾ 44 ಸೆಂ.ಮೀ. ಸಾಕಾಗುತ್ತದೆ. ಬೋಲ್ಟುಗಳನ್ನು ಬಿಗಿಮಾಡುವಾಗ ಅವುಗಳ ಬಳಿಯೇ ನ್ಯೂಟನ್ ಮೀಟರಿನಲ್ಲಿ ಬರೆದಿರುವ ಮಿತಿಯನ್ನು ಟಾರ್ಕ್ ರೆಂಚಿನಿಂದ ಪಾಲಿಸಬೇಕು. ಸ್ಟೆಮ್ಮಿನ ಮೇಲೆ ಉಳಿದ ಸ್ಟೀರರ್ ಪೈಪನ್ನು ಅಂದಕ್ಕಾಗಿ ಕತ್ತರಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಸ್ಪೇಸರುಗಳನ್ನು ಮೇಲೆ ಹಾಗೆಯೇ ಇರಿಸಿಕೊಂಡು, ಎರಡು ಮೂರು ತಿಂಗಳು ಏರಿಳಿತದ ರಸ್ತೆಗಳಲ್ಲಿ ಓಡಿಸಿ, ಹ್ಯಾಂಡಲ್ಲಿನ ಎತ್ತರ ನಿಮ್ಮ ಬೆನ್ನಿಗೆ ಒಗ್ಗಿದೆ ಎಂದು ಖಚಿತವಾದ ಮೇಲೆ ಕತ್ತರಿಸುವ ಮಾತು ನೋಡೋಣ ಎಂದು ಹೇಳಿ.